ವ್ಯಸನಿಗೆ ವ್ಯಸನಿಯೇ ನೆರವಾದ ಬಗೆ: ಅನಾಮಿಕರ ಕೂಟದ ಚರಿತ್ರೆ

ಮನುಸ್ಮೃತಿ ಮೊದಲಾದ ಧರ್ಮಶಾಸ್ತ್ರಗಳು ಸುರಾಪಾನವನ್ನು ಮಹಾಪಾತಕಗಳ ಸಾಲಿಗೆ ಸೇರಿಸಿದವು. ಆ ಪಾತಕಕ್ಕೆ ಪ್ರಾಯಶ್ಚಿತ್ತವೆಂದು ಕುದಿಯುವ ಸುರೆಯನ್ನೇ ಕುಡಿದು ದೇಹತ್ಯಾಗ ಮಾಡಬೇಕೆಂದು ವಿಧಿಸಿದ್ದೂ ಉಂಟು. ಆಧುನಿಕ ರಾಜ್ಯವು ಶಾಸ್ತ್ರದ ಜಾಗದಲ್ಲಿ ಕಾನೂನನ್ನು ತಂದಿತು. ಅಮೇರಿಕ ಸಂಯುಕ್ತ ಸಂಸ್ಥಾನವು 1920ರಿಂದ 1933ರವರೆಗೆ ಇಡೀ ರಾಷ್ಟ್ರಕ್ಕೆ ಪಾನನಿರೋಧವನ್ನು ವಿಧಿಸಿ, ಕಡೆಗೆ ಸೋತು, ಅದನ್ನು ಹಿಂತೆಗೆದುಕೊಂಡಿತು. ಶಾಸ್ತ್ರ, ಕಾನೂನುಗಳೆರಡೂ ಕುಡಿಯಬಾರದೆಂದು ಹೇಳಿದವು, ಸರಿಯೆ. ಆದರೆ ಕುಡಿತವನ್ನು ಬಿಡಬೇಕೆಂದು ಮನಸಾರೆ ಬಯಸಿಯೂ ಬಿಡಲಾರದ ಮನುಷ್ಯನು ಎಲ್ಲಿಗೆ ಹೋಗಬೇಕು, ಯಾರ ಬಾಗಿಲನ್ನು ತಟ್ಟಬೇಕು ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರವಿರಲಿಲ್ಲ. ಆ ಉತ್ತರವು ಪಂಡಿತರಿಂದಾಗಲಿ ಶಾಸಕರಿಂದಾಗಲಿ ಬರದೆ ಕುಡುಕರಿಂದಲೇ ಬಂದಿತೆಂಬುದು ಇತಿಹಾಸದ ಒಂದು ವಿಚಿತ್ರ. ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಹೆಸರಿನ, ನಾವು ಅನಾಮಿಕ ಮದ್ಯವ್ಯಸನಿಗಳ ಕೂಟವೆಂದು ಕರೆಯಬಹುದಾದ ಸಂಸ್ಥೆಯು ಹುಟ್ಟಿ ಬೆಳೆದ ಬಗೆಯನ್ನು ಇಲ್ಲಿ ಅವಲೋಕಿಸಲಾಗಿದೆ.

ಈ ಕೂಟಕ್ಕೆ ಪೂರ್ವದಲ್ಲಿ ಇಂಥದೇ ಒಂದು ಪ್ರಯತ್ನವು ನಡೆದು ನಶಿಸಿತ್ತು. 1840ರ ಏಪ್ರಿಲ್‌ನಲ್ಲಿ ಬಾಲ್ಟಿಮೋರ್ ನಗರದ ಒಂದು ಪಾನಗೃಹದಲ್ಲಿ ಕುಳಿತಿದ್ದ ಆರು ಮಂದಿ ಗೆಳೆಯರು, ಕುಡಿತವನ್ನು ಬಿಡುವೆವೆಂದು ಪರಸ್ಪರ ಪ್ರತಿಜ್ಞೆ ಮಾಡಿ ‘ವಾಷಿಂಗ್‌ಟನ್ ಸಮಾಜ’ವನ್ನು ಕಟ್ಟಿದರು. ವಾರವಾರವೂ ಸೇರಿ, ಉಪದೇಶವನ್ನು ಕೇಳುವ ಬದಲು ತಮ್ಮ ತಮ್ಮ ಪತನದ ಕಥೆಯನ್ನೂ ಬಿಡುಗಡೆಯ ಕಥೆಯನ್ನೂ ಹೇಳಿಕೊಳ್ಳುವುದು ಅವರ ಪದ್ಧತಿ. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನರು ಪ್ರತಿಜ್ಞಾಪತ್ರಕ್ಕೆ ಸಹಿ ಹಾಕಿದರು. 1842ರ ಫೆಬ್ರವರಿ 22ರಂದು ಸ್ಪ್ರಿಂಗ್‌ಫೀಲ್ಡಿನಲ್ಲಿ ಈ ಸಮಾಜದ ಸಭೆಯಲ್ಲಿ ಮಾತನಾಡಿದ ಯುವ ನ್ಯಾಯವಾದಿ ಅಬ್ರಹಾಂ ಲಿಂಕನ್ನರು, ಕುಡುಕನನ್ನು ಹೀಗಳೆಯುವ ಹಳೆಯ ಸುಧಾರಕರ ಧೋರಣೆಯನ್ನು ಖಂಡಿಸಿ, ತಾನೂ ಬಿದ್ದು ಎದ್ದವನ ಮಾತಿಗೇ ಹೆಚ್ಚಿನ ಬಲವಿದೆಯೆಂದು ವಾದಿಸಿದರು. ಆದರೆ 1840ರ ದಶಕವು ಮುಗಿಯುವ ಹೊತ್ತಿಗೆ ಸಮಾಜವು ಬಹುಮಟ್ಟಿಗೆ ಕಣ್ಮರೆಯಾಗಿತ್ತು. ರಾಜಕೀಯ, ಪಾನನಿರೋಧ ಶಾಸನದ ವಾದವಿವಾದ, ಪ್ರಚಾರದ ಹಂಬಲ, ವೇದಿಕೆಯ ಮೇಲೆ ಮಿಂಚಿದ ವಕ್ತಾರರ ಮರುಪತನ, ಇವೆಲ್ಲ ಸೇರಿ ಅದನ್ನು ನುಂಗಿದವು. ಸಹಿ ಹಾಕಿದ ಮೇಲೆ ಮುಂದೇನು ಎಂಬ ಕ್ರಮವೂ ಅಲ್ಲಿ ಇರಲಿಲ್ಲ. ಆಣೆಯೊಂದೇ ಸಾಕೆಂದು ನಂಬುವವರೆಲ್ಲರೂ ಓದಬೇಕಾದ ಅಧ್ಯಾಯವಿದು.

ಇನ್ನು ಮುಖ್ಯ ಕಥೆಗೆ ಬರೋಣ. ರೋಡ್ ಐಲೆಂಡಿನ ಶ್ರೀಮಂತ ಮನೆತನದ ರೋಲೆಂಡ್ ಹೆಜಾರ್ಡ್ ಎಂಬವನು ಕುಡಿತದಿಂದ ಬಿಡುಗಡೆ ಹೊಂದಲು ಸ್ವಿಟ್ಜರ್ಲೆಂಡಿಗೆ ಹೋಗಿ ಮನೋವಿಜ್ಞಾನಿ ಕಾರ್ಲ್ ಯೂಂಗರ ಚಿಕಿತ್ಸೆಯಲ್ಲಿದ್ದನು. ಹಿಂದಿರುಗಿ ಮತ್ತೆ ಕುಡಿದನು. ಎರಡನೆಯ ಸಲ ಹೋದಾಗ ಯೂಂಗರು, ವೈದ್ಯದಿಂದ ಇನ್ನು ಆಸೆಯಿಲ್ಲ, ಗಾಢವಾದ ಆಧ್ಯಾತ್ಮಿಕ ಅನುಭವವೊಂದು ಒದಗಿದರೆ ಮಾತ್ರ ಬದುಕುವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಒಬ್ಬ ಮಹಾವೈದ್ಯನು ತನ್ನ ವಿದ್ಯೆಯ ಮೇರೆಯನ್ನು ತಾನೇ ಒಪ್ಪಿಕೊಂಡ ಈ ಪ್ರಸಂಗದ ವಿಷಯವಾಗಿ, ಬಹುಕಾಲದ ನಂತರ, 1961ರ ಜನವರಿಯಲ್ಲಿ ಯೂಂಗರಿಗೂ ಕೂಟದ ಸ್ಥಾಪಕನಿಗೂ ಪತ್ರವ್ಯವಹಾರ ನಡೆಯಿತು. ಲ್ಯಾಟಿನ್ ಭಾಷೆಯಲ್ಲಿ ಆತ್ಮಕ್ಕೂ ಮದ್ಯಸಾರಕ್ಕೂ ಒಂದೇ ಪದವಿದೆ ಎಂಬುದನ್ನು ಆ ಪತ್ರದಲ್ಲಿ ಯೂಂಗರು ನೆನಪಿಸಿದ್ದಾರೆ. ಅದೇ ವರ್ಷ ಜೂನ್‌ನಲ್ಲಿ ಅವರು ತೀರಿಕೊಂಡರು.

ಹೆಜಾರ್ಡನು ಆ ಅನುಭವವನ್ನು ಅರಸುತ್ತ ‘ಆಕ್ಸ್‌ಫರ್ಡ್ ಗ್ರೂಪ್’ ಎಂಬ ಕ್ರೈಸ್ತ ಬಳಗವನ್ನು ಸೇರಿದನು. ಫ್ರಾಂಕ್ ಬುಕ್‌ಮನ್ ಎಂಬ ಪಾದ್ರಿಯು ಕಟ್ಟಿದ ಈ ಬಳಗದಲ್ಲಿ, ತನ್ನ ದೋಷಗಳನ್ನು ಮತ್ತೊಬ್ಬರ ಮುಂದೆ ಹೇಳಿಕೊಳ್ಳುವುದು, ಕೆಡಿಸಿದ್ದನ್ನು ಸರಿಪಡಿಸುವುದು, ಮೌನವಾಗಿ ಕುಳಿತು ದೈವಪ್ರೇರಣೆಗಾಗಿ ಕಾಯುವುದು ಮುಖ್ಯ ಸಾಧನೆಗಳಾಗಿದ್ದವು. ಹೆಜಾರ್ಡನಿಂದ ಎಬಿ ಥ್ಯಾಚರ್ ಎಂಬ ಮತ್ತೊಬ್ಬ ವ್ಯಸನಿಯು ಎಚ್ಚತ್ತನು. ಆ ಎಬಿಯು 1934ರ ನವೆಂಬರ್‌ನಲ್ಲಿ ಬ್ರೂಕ್ಲಿನ್ನಿನಲ್ಲಿದ್ದ ತನ್ನ ಹಳೆಯ ಕುಡಿತದ ಗೆಳೆಯ ಬಿಲ್ ವಿಲ್ಸನ್ನನ ಮನೆಗೆ ಹೋದನು. ಷೇರುಪೇಟೆಯಲ್ಲಿ ಗಳಿಸಿ ಕಳೆದುಕೊಂಡು, ಹೆಂಡತಿ ಲೋಯಿಸಳ ದುಡಿಮೆಯಲ್ಲಿ ಬದುಕುತ್ತಿದ್ದ ಬಿಲ್ಲನು ಅಂದು ಬಾಟಲಿಯನ್ನು ಎದುರಿಗಿಟ್ಟುಕೊಂಡೇ ಗೆಳೆಯನ ಮಾತನ್ನು ಕೇಳಿದನು. ಡಿಸೆಂಬರ್ 11ರಂದು ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆಯನ್ನು ಸೇರಿದನು. ಅಲ್ಲಿ ಅವನಿಗೆ ಬೆಳಕಿನ ಅನುಭವವೊಂದು ಆಯಿತು. ತನಗೆ ಹುಚ್ಚು ಹಿಡಿಯಿತೇ ಎಂದು ಅಂಜಿದವನಿಗೆ ಡಾಕ್ಟರ್ ವಿಲಿಯಂ ಸಿಲ್ಕ್‌ವರ್ತರು ಧೈರ್ಯ ಹೇಳಿದರು. ಕುಡಿತವು ನೀತಿಯ ದೌರ್ಬಲ್ಯವಲ್ಲ, ದೇಹದ ಒಂದು ಬಗೆಯ ಅಲರ್ಜಿಯೂ ಮನಸ್ಸಿನ ಗೀಳೂ ಕೂಡಿದ ರೋಗ ಎಂಬುದು ಸಿಲ್ಕ್‌ವರ್ತರ ಮತವಾಗಿತ್ತು. ಅಲರ್ಜಿಯೆಂಬ ಅವರ ವಿವರಣೆಯನ್ನು ಈಗಿನ ವೈದ್ಯಶಾಸ್ತ್ರವು ಅಕ್ಷರಶಃ ಒಪ್ಪುವುದಿಲ್ಲ. ಆದರೆ ಪಾಪಿಯನ್ನು ರೋಗಿಯೆಂದು ಕಂಡ ಆ ದೃಷ್ಟಿ ಮುಂದಿನದಕ್ಕೆಲ್ಲ ಬುನಾದಿಯಾಯಿತು.

ಅಲ್ಲಿಂದ ಮುಂದೆ ಬಿಲ್ಲನು ಕುಡಿಯಲಿಲ್ಲ. ಐದಾರು ತಿಂಗಳ ಕಾಲ ಕಂಡಕಂಡ ಕುಡುಕರಿಗೆಲ್ಲ ತನ್ನ ಬೆಳಕಿನ ಅನುಭವವನ್ನು ಬೋಧಿಸಿದನು. ಒಬ್ಬನೂ ಉಳಿಯಲಿಲ್ಲ. ಬೋಧನೆಯನ್ನು ನಿಲ್ಲಿಸು, ಮೊದಲು ರೋಗದ ಭಯಂಕರತೆಯನ್ನು ತಿಳಿಸು ಎಂದು ಸಿಲ್ಕ್‌ವರ್ತರು ಎಚ್ಚರಿಸಿದರು. ಯಾರೂ ಉಳಿಯಲಿಲ್ಲವಲ್ಲಾ ಎಂದು ಅವನು ಕೊರಗಿದಾಗ, ನೀವು ಉಳಿದಿದ್ದೀರಲ್ಲ ಎಂದು ಲೋಯಿಸಳು ಹೇಳಿದಳಂತೆ. ಆ ಗೃಹಿಣಿಯ ಮಾತಿನ ಆಳವು ಅವನಿಗೆ ತಿಳಿದದ್ದು ಆಕ್ರನ್ ನಗರದಲ್ಲಿ.

1935ರ ಮೇ ತಿಂಗಳಲ್ಲಿ ಬಿಲ್ಲನು ಒಂದು ಕಂಪೆನಿಯ ಆಡಳಿತವನ್ನು ಗೆಲ್ಲುವ ವ್ಯವಹಾರಕ್ಕಾಗಿ ಓಹಿಯೋ ಸಂಸ್ಥಾನದ ಆಕ್ರನ್ನಿಗೆ ಹೋಗಿ, ಅದರಲ್ಲಿ ಸೋತು, ಕಿಸೆಯಲ್ಲಿ ಹೆಚ್ಚು ಹಣವಿಲ್ಲದೆ ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಒಂಟಿಯಾಗಿ ನಿಂತಿದ್ದನು. ಒಂದು ಕಡೆ ಪಾನಶಾಲೆ, ಅಲ್ಲಿಂದ ಬರುವ ನಗೆಯ ಸದ್ದು. ಇನ್ನೊಂದು ಕಡೆ ದೂರವಾಣಿ, ಅದರ ಬಳಿ ಊರಿನ ಚರ್ಚುಗಳ ಪಟ್ಟಿ. ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡದಿದ್ದರೆ ತಾನು ಅಂದೇ ಕುಡಿಯುವುದು ನಿಶ್ಚಯವೆಂದು ಅವನಿಗೆ ಹೊಳೆಯಿತು. ಅವನಿಗೆ ಬೇಕಾಗಿದ್ದವನು ರಕ್ಷಕನಲ್ಲ, ರಕ್ಷಣೆ ಬೇಕಾದ ಇನ್ನೊಬ್ಬನು. ಈ ವಿಪರ್ಯಾಸವನ್ನು ವಾಚಕರು ಗಮನಿಸಬೇಕು. ಪಟ್ಟಿಯಿಂದ ಆಯ್ದು ವಾಲ್ಟರ್ ಟಂಕ್ಸ್ ಎಂಬ ಪಾದ್ರಿಗೆ ದೂರವಾಣಿ ಮಾಡಿದನು. ಅವರು ಕೊಟ್ಟ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತ ಹೋಗಿ, ಕಟ್ಟಕಡೆಗೆ ಹೆನ್ರಿಯೆಟಾ ಸೀಬರ್ಲಿಂಗ್ ಎಂಬ ಮಹಿಳೆಯನ್ನು ತಲುಪಿದನು. ಗುಡ್‌ಇಯರ್ ಟೈರ್ ಕಾರ್ಖಾನೆಯ ಸಂಸ್ಥಾಪಕರ ಸೊಸೆಯಾದ ಆಕೆಯೂ ಆಕ್ಸ್‌ಫರ್ಡ್ ಬಳಗದವಳು. ತಮ್ಮ ಬಳಗದ ಡಾಕ್ಟರ್ ರಾಬರ್ಟ್ ಸ್ಮಿತ್ ಎಂಬವರು ತಾವು ಗುಟ್ಟಾಗಿ ಕುಡಿಯುವುದನ್ನು ಒಪ್ಪಿಕೊಂಡ ಮೇಲೆ, ಅವರಿಗಾಗಿ ಎಲ್ಲರೂ ಕೂಡಿ ಪ್ರಾರ್ಥಿಸಿದ್ದರು. ಅಪರಿಚಿತನ ಕರೆಯನ್ನು ಆಕೆ ಆ ಪ್ರಾರ್ಥನೆಗೆ ದೊರೆತ ಉತ್ತರವೆಂದೇ ಬಗೆದಳು.

ಶನಿವಾರ ಡಾಕ್ಟರರು ಎದ್ದು ಬರುವ ಸ್ಥಿತಿಯಲ್ಲಿರಲಿಲ್ಲ. ಮರುದಿನ, ಮೇ 12ರಂದು, ಸಂಜೆ ಐದು ಗಂಟೆಗೆ ಸೀಬರ್ಲಿಂಗರ ತೋಟದ ಹೆಬ್ಬಾಗಿಲ ಪಕ್ಕದ ಮನೆಯಲ್ಲಿ ಇಬ್ಬರೂ ಸಂಧಿಸಿದರು. ಹದಿನೈದು ನಿಮಿಷಕ್ಕಿಂತ ಹೆಚ್ಚು ಇರಲಾರೆನೆಂದು ಕರಾರು ಮಾಡಿ ಬಂದ ಡಾಕ್ಟರರು ರಾತ್ರಿ ಹನ್ನೊಂದು ಗಂಟೆ ಮೀರಿದ ಮೇಲೆ ಎದ್ದರು. ಬಂದವನು ಉಪದೇಶಿಸಲಿಲ್ಲ. ತನ್ನ ಕಥೆಯನ್ನು ಹೇಳಿದನು, ಅಷ್ಟೆ. ಕುಡಿತದ ವಿಷಯವನ್ನು ಸ್ವಾನುಭವದಿಂದ ಅರಿತು ತಮ್ಮೊಡನೆ ಮಾತನಾಡಿದ ಮೊದಲ ಮನುಷ್ಯನು ಈತನೆಂದು ಶಸ್ತ್ರವೈದ್ಯರಿಗೆ ಅನ್ನಿಸಿತು. ಆದರೂ ಕೆಲವು ವಾರಗಳಲ್ಲಿ ಅಟ್ಲಾಂಟಿಕ್ ಸಿಟಿಯ ವೈದ್ಯಸಮ್ಮೇಳನಕ್ಕೆ ಹೋದವರು ಅಲ್ಲಿ ಮತ್ತೆ ಕುಡಿದರು. ಹಿಂದಿರುಗಿದ ಮೇಲೆ, ಶಸ್ತ್ರಚಿಕಿತ್ಸೆಯೊಂದನ್ನು ಮಾಡಬೇಕಾಗಿದ್ದ ದಿನದ ಬೆಳಿಗ್ಗೆ, ನಡುಗುವ ಕೈ ನಿಲ್ಲಲೆಂದು ಬಿಲ್ಲನೇ ಒಂದು ಬಾಟಲಿ ಬಿಯರನ್ನು ಕೊಟ್ಟನು. ಅದೇ ಅವರ ಕಡೆಯ ಕುಡಿತ. ಕೂಟದವರು ಆ ದಿನವನ್ನು, ಎಂದರೆ 1935ರ ಜೂನ್ 10ನ್ನು, ತಮ್ಮ ಸಂಸ್ಥೆಯ ಜನ್ಮದಿನವೆಂದು ಆಚರಿಸುತ್ತಾರೆ. ಜಯಂತಿಗೆ ದಾರ್ಶನಿಕ ಅನುಭವದ ದಿನವನ್ನು ಆರಿಸದೆ ಒಬ್ಬ ರೋಗಿಯು ಕಡೆಯ ಬಾಟಲಿಯನ್ನು ಮುಗಿಸಿದ ದಿನವನ್ನು ಆರಿಸಿದ್ದು ನನಗೆ ಬಹಳ ಅರ್ಥಪೂರ್ಣವೆನಿಸುತ್ತದೆ.

ಇಬ್ಬರೂ ಮೂರನೆಯವನನ್ನು ಹುಡುಕಿ ಆಕ್ರನ್ನಿನ ಸಿಟಿ ಆಸ್ಪತ್ರೆಗೆ ಹೋದರು. ದಾದಿಯರ ಮೇಲೆ ಕೈಮಾಡಿ ಮಂಚಕ್ಕೆ ಕಟ್ಟಿಸಿಕೊಂಡಿದ್ದ ಬಿಲ್ ಡಾಟ್ಸನ್ ಎಂಬ ವಕೀಲನು ಅವರ ಮಾತನ್ನು ಕೇಳಿ ಜುಲೈ 4ರಂದು ಹೊರಬಂದನು. ಅವನು ಮತ್ತೆ ಕುಡಿಯಲಿಲ್ಲ. ಅಲ್ಲಿಂದ ಬೆಳವಣಿಗೆ ಬಹಳ ನಿಧಾನ. 1937ರಲ್ಲಿ ಎರಡು ಊರುಗಳ ಲೆಕ್ಕ ಹಾಕಿದಾಗ ನಿಂತು ಉಳಿದವರು ಸುಮಾರು 40 ಮಂದಿ. 1939ರ ಏಪ್ರಿಲ್‌ನಲ್ಲಿ ಅವರು ತಮ್ಮ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಪುಸ್ತಕದ ಹೆಸರೇ ಮುಂದೆ ಕೂಟದ ಹೆಸರಾಯಿತು. ಮೂರೂವರೆ ಡಾಲರ್ ಬೆಲೆಗೆ ತಕ್ಕಷ್ಟು ದಪ್ಪವಾಗಿ ಕಾಣಲೆಂದು ಒರಟು ಕಾಗದದಲ್ಲಿ ಅಚ್ಚು ಹಾಕಿಸಿದ್ದರಿಂದ ‘ದೊಡ್ಡ ಪುಸ್ತಕ’ವೆಂಬ ಅಡ್ಡಹೆಸರು ಅದಕ್ಕೆ ಇಂದಿಗೂ ಉಳಿದಿದೆ.

ಆ ಪುಸ್ತಕದ ಹನ್ನೆರಡು ಮೆಟ್ಟಿಲುಗಳು 1938ರ ಡಿಸೆಂಬರ್‌ನಲ್ಲಿ ರೂಪುಗೊಂಡವು. ಮದ್ಯದ ಮುಂದೆ ತಾನು ಅಸಹಾಯಕನೆಂದು ಒಪ್ಪುವುದು, ತನಗಿಂತ ಮಿಗಿಲಾದ ಶಕ್ತಿಯೊಂದನ್ನು ನಂಬುವುದು, ತನ್ನ ನಡತೆಯನ್ನು ನಿರ್ದಾಕ್ಷಿಣ್ಯವಾಗಿ ಪರಿಶೀಲಿಸಿ ಮತ್ತೊಬ್ಬರಲ್ಲಿ ಹೇಳಿಕೊಳ್ಳುವುದು, ನೊಂದವರಿಗೆ ಪರಿಹಾರ ಮಾಡುವುದು, ಕಡೆಗೆ ಇತರ ವ್ಯಸನಿಗಳಿಗೆ ಈ ಸುದ್ದಿಯನ್ನು ಮುಟ್ಟಿಸುವುದು. ಸಾರ ಇಷ್ಟು. ದೇವರ ಹೆಸರನ್ನು ಎಷ್ಟು ಬಳಸಬೇಕೆಂಬ ವಿಷಯದಲ್ಲಿ ಬಿಸಿಬಿಸಿ ಚರ್ಚೆಯಾಯಿತು. ಪುಸ್ತಕವು ಕ್ರೈಸ್ತವಾಗಿರಬೇಕೆಂದವರು ಒಂದು ಕಡೆ, ದೇವರ ಮಾತೇ ಬೇಡವೆಂದ ನಾಸ್ತಿಕರು ಇನ್ನೊಂದು ಕಡೆ. ಕೊನೆಗೆ, ಅವರವರಿಗೆ ತಿಳಿದು ಬಂದಂತೆ ದೇವರು ಎಂಬ ಅರ್ಥದ ಮಾತನ್ನು ಸೇರಿಸಿದರು, ಮೊಣಕಾಲೂರಿ ಎಂಬುದನ್ನು ತೆಗೆದರು. ನಾಸ್ತಿಕರು ಅಂದು ಹಟ ಹಿಡಿಯದಿದ್ದರೆ ಈ ಕೂಟವು ಒಂದು ಮತದ ಉಪಶಾಖೆಯಾಗಿ ಉಳಿಯುತ್ತಿತ್ತೇ ಹೊರತು, ಹಿಂದೂವೂ ಬೌದ್ಧನೂ ಮುಸಲ್ಮಾನನೂ ಕೂರಬಲ್ಲ ಚಾವಡಿಯಾಗುತ್ತಿರಲಿಲ್ಲ. ಕ್ಲೀವ್‌ಲೆಂಡಿನ ಕೆಥೊಲಿಕ್ ಸದಸ್ಯರಿಗೆ ಆಕ್ಸ್‌ಫರ್ಡ್ ಬಳಗದ ಸಭೆಗೆ ಹೋಗಲು ಅವರ ಪಾದ್ರಿಗಳ ಅಡ್ಡಿಯಿದ್ದುದರಿಂದ, 1939ರ ಮೇ ತಿಂಗಳಲ್ಲಿ ಆ ಊರಿನವರು ಬೇರೆಯಾಗಿ, ಅನಾಮಿಕ ಮದ್ಯವ್ಯಸನಿಗಳೆಂಬ ಹೆಸರಿನಿಂದಲೇ ಸಭೆ ಸೇರಿದ್ದು ಇದೇ ದಾರಿಯ ಇನ್ನೊಂದು ಹೆಜ್ಜೆ.

ಬಿಡಬೇಕೆಂಬವನು ಈ ಕೂಟವನ್ನು ಕಂಡುಕೊಳ್ಳುತ್ತಿದ್ದುದಾದರೂ ಹೇಗೆ? ಹೆಸರಿಲ್ಲದವರನ್ನು ಹುಡುಕುವುದು ಸುಲಭವಲ್ಲ. ಪುಸ್ತಕದಲ್ಲಿ ನ್ಯೂಯಾರ್ಕಿನ ಒಂದು ಅಂಚೆಪೆಟ್ಟಿಗೆಯ ಸಂಖ್ಯೆ ಇತ್ತು. ಅದಕ್ಕೆ ಬರೆದವರಿಗೆ ಕಾರ್ಯದರ್ಶಿನಿ ರೂತ್ ಹಾಕ್ ತಾನೇ ಉತ್ತರ ಬರೆಯುತ್ತಿದ್ದಳು. 1939ರ ಶರತ್ಕಾಲದಲ್ಲಿ ಕ್ಲೀವ್‌ಲೆಂಡಿನ ‘ಪ್ಲೇನ್ ಡೀಲರ್’ ಪತ್ರಿಕೆಯಲ್ಲಿ ಎಲ್ರಿಕ್ ಡೇವಿಸ್ ಎಂಬ ಬರಹಗಾರನ ಲೇಖನಮಾಲೆ ಬಂದಾಗ, ಇಪ್ಪತ್ತರಷ್ಟಿದ್ದ ಅಲ್ಲಿಯ ಸದಸ್ಯರ ಮೇಲೆ ನೂರಾರು ಕರೆಗಳು ಮುಗಿಬಿದ್ದವು. ಬಿಟ್ಟು ಕೆಲವೇ ವಾರಗಳಾದವನು ಅಂದೇ ಬಂದವನ ಹೊಣೆ ಹೊರಬೇಕಾಯಿತು. ಹೊಸಬನ ಕೈಹಿಡಿದು ನಡೆಸುವ ಹಳಬನಿಗೆ ‘ಸ್ಪಾನ್ಸರ್’ ಎನ್ನುವ ಪದ್ಧತಿಯು ಈ ನೂಕುನುಗ್ಗಲಿನಲ್ಲಿ ಗಟ್ಟಿಯಾಯಿತು. 1941ರ ಮಾರ್ಚ್ 1ರಂದು ‘ಸ್ಯಾಟರ್ಡೇ ಈವನಿಂಗ್ ಪೋಸ್ಟ್’ ವಾರಪತ್ರಿಕೆಯು ಜ್ಯಾಕ್ ಅಲೆಗ್ಸಾಂಡರನ ಲೇಖನವನ್ನು ಪ್ರಕಟಿಸಿತು. ಸಂಶಯದಿಂದ ಬಂದು ಪರೀಕ್ಷಿಸಿ ಮೆಚ್ಚಿ ಬರೆದವನು ಅವನು. ವರ್ಷಾರಂಭದಲ್ಲಿ 2000ದಷ್ಟಿದ್ದ ಸದಸ್ಯರು ವರ್ಷಾಂತ್ಯಕ್ಕೆ 8000ದಷ್ಟಾದರು. ಬಂದ ಪತ್ರಗಳನ್ನು ಊರುವಾರು ವಿಂಗಡಿಸಿ, ಆ ಕಡೆ ವ್ಯಾಪಾರಕ್ಕಾಗಿ ಸಂಚರಿಸುವ ಸದಸ್ಯರ ಕೈಗೆ ಕೊಟ್ಟು ಕಳುಹಿಸುತ್ತಿದ್ದರು. ಸರಕಿನ ಚೀಲದೊಂದಿಗೆ ಊರಿಗೆ ಬಂದ ಮಾರಾಟಗಾರನು ಸಂಜೆಗೆ ಅಪರಿಚಿತ ವ್ಯಸನಿಯ ಬಾಗಿಲನ್ನು ತಟ್ಟುತ್ತಿದ್ದನು.

ಹಣದ ವಿಷಯದಲ್ಲಿ ಈ ಕೂಟವು ನಡೆದುಕೊಂಡ ರೀತಿ ಧರ್ಮಸಂಸ್ಥೆಗಳವರೂ ಲಕ್ಷ್ಯವಿಡಬೇಕಾದದ್ದು. ಆಸ್ಪತ್ರೆಗಳನ್ನು ಕಟ್ಟಬೇಕು, ಪ್ರಚಾರಕರನ್ನು ಸಂಬಳ ಕೊಟ್ಟು ನೇಮಿಸಬೇಕೆಂದು ಬಿಲ್ಲನು ಮೊದಲಲ್ಲಿ ಕನಸು ಕಂಡಿದ್ದನು. 1938ರಲ್ಲಿ ಕೋಟ್ಯಧೀಶ ಜಾನ್ ರಾಕ್‌ಫೆಲರ್ (ಕಿರಿಯ) ಕೇವಲ 5000 ಡಾಲರನ್ನು ಕೊಟ್ಟು, ಹೆಚ್ಚಿನ ಹಣವು ಈ ಕಾರ್ಯವನ್ನು ಕೆಡಿಸೀತೆಂದು ಎಚ್ಚರಿಸಿದರು. ಆಗ ನಿರಾಶೆ ತಂದ ಆ ಮಾತೇ ನಂತರ ನಿಯಮವಾಯಿತು. ವಾಷಿಂಗ್‌ಟನ್ ಸಮಾಜದ ಗತಿಯೂ ಬಿಲ್ಲನ ಕಣ್ಣ ಮುಂದಿತ್ತು. 1946ರಲ್ಲಿ ಪ್ರಕಟವಾಗಿ, 1950ರ ಜುಲೈನಲ್ಲಿ ಕ್ಲೀವ್‌ಲೆಂಡಿನ ಮಹಾಧಿವೇಶನದಲ್ಲಿ ಅಂಗೀಕೃತವಾದ ಹನ್ನೆರಡು ಸಂಪ್ರದಾಯಗಳ ಪ್ರಕಾರ, ಸದಸ್ಯತ್ವಕ್ಕೆ ಕುಡಿತವನ್ನು ಬಿಡುವ ಬಯಕೆಯೊಂದೇ ಅರ್ಹತೆ. ಶುಲ್ಕವಿಲ್ಲ. ಹೊರಗಿನವರ ದೇಣಿಗೆಯನ್ನು ಮುಟ್ಟುವುದಿಲ್ಲ. ಪಾನನಿರೋಧವೂ ಸೇರಿದಂತೆ ಯಾವ ಸಾರ್ವಜನಿಕ ವಿವಾದದಲ್ಲಿಯೂ ಅಭಿಪ್ರಾಯ ಹೇಳುವುದಿಲ್ಲ. 1948ರಲ್ಲಿ ಒಬ್ಬ ಮಹಿಳೆಯು ಮರಣಪತ್ರದ ಮೂಲಕ ಬಿಟ್ಟುಹೋದ 10,000 ಡಾಲರನ್ನು ಅವರು ಬೇಡವೆಂದರು. ನಿಧಿ ಬಂದರೆ ವ್ಯಾಜ್ಯವೂ ಬರುತ್ತದೆಂಬುದನ್ನು ಮಠಮಾನ್ಯಗಳ ಇತಿಹಾಸ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಡಾಕ್ಟರ್ ಸ್ಮಿತ್ತರು ಅದೇ 1950ರ ನವೆಂಬರ್ 16ರಂದು ತೀರಿಕೊಂಡರು. ಆಕ್ರನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಸಿಸ್ಟರ್ ಇಗ್ನೇಷಿಯಾ ಎಂಬ ಸಂನ್ಯಾಸಿನಿಯೊಡಗೂಡಿ ಅವರು ಸಾವಿರಾರು ವ್ಯಸನಿಗಳಿಗೆ ಶುಲ್ಕವಿಲ್ಲದೆ ಶುಶ್ರೂಷೆ ಮಾಡಿದ್ದರು. ಬಿಲ್ಲನು 1971ರ ಜನವರಿ 24ರವರೆಗೆ ಬದುಕಿದ್ದನು.

ಭಾರತದಲ್ಲಿ ಕೂಟವು 1957ರಲ್ಲಿ ಮುಂಬಯಿಯಲ್ಲಿ ನೆಲೆಗೊಂಡಿತು. ಇಂದು ಬೆಂಗಳೂರು, ಮಂಗಳೂರು ಮೊದಲಾದ ನಗರಗಳಲ್ಲಿ ಅದರ ಸಭೆಗಳು ನಡೆಯುತ್ತವೆ. ಸಭೆಯೆಂದರೆ ಯಾವುದೋ ಶಾಲೆಯ ಅಥವಾ ಚರ್ಚಿನ ಕೋಣೆ, ಕೆಲವು ಕುರ್ಚಿಗಳು, ಚಹಾ. ‘ಮುಕ್ತ ಸಭೆ’ಗೆ ಯಾರೂ ಹೋಗಬಹುದು. ‘ಮುಚ್ಚಿದ ಸಭೆ’ ವ್ಯಸನಿಗಳಿಗೆ ಮಾತ್ರ. ಕುಲ, ಉದ್ಯೋಗ, ಮನೆತನಗಳನ್ನು ಕೇಳುವುದಿಲ್ಲ. ಮೊದಲ ಹೆಸರೊಂದನ್ನು ಹೇಳಿದರೆ ಸಾಕು, ಹೇಳದೆ ಕುಳಿತು ಕೇಳಿದರೂ ನಡೆಯುತ್ತದೆ. ಒಬ್ಬನು ಮಾತನಾಡುವಾಗ ಇನ್ನೊಬ್ಬನು ತಡೆಯುವುದಾಗಲಿ ಬುದ್ಧಿ ಹೇಳುವುದಾಗಲಿ ಇಲ್ಲ. ಮತ್ತೆ ಕುಡಿದು ಬಂದವನನ್ನು ಹೊರಗೆ ಹಾಕುವುದಿಲ್ಲ, ಅವನ ಲೆಕ್ಕ ಪುನಃ ಮೊದಲ ದಿನದಿಂದ ಆರಂಭವಾಗುತ್ತದೆ. ಇಂದೊಂದು ದಿನ ಕುಡಿಯದಿರುವುದೇ ಅವರ ಸಂಕಲ್ಪ, ನಾಳೆಯ ಆಣೆ ಇಲ್ಲ.

ಇದನ್ನು ಕಂಡೊಡನೆ ನಮ್ಮ ಅನುಭವ ಮಂಟಪವನ್ನು ನೆನೆದು, ಅವರು ಈಗ ಕಂಡುಕೊಂಡದ್ದನ್ನು ನಾವು ಹನ್ನೆರಡನೆಯ ಶತಮಾನದಲ್ಲಿಯೇ ಮಾಡಿದ್ದೆವೆಂದು ಹೇಳುವ ಉತ್ಸಾಹವು ಕೆಲವರಿಗೆ ಉಂಟಾಗುವುದು ಸಹಜ. ಅದು ಸಲ್ಲದು. ಶಿವಾನುಭವ ಗೋಷ್ಠಿಯ ಗುರಿ ಬೇರೆ, ರೋಗಮುಕ್ತಿಯ ಕೂಟದ ಗುರಿ ಬೇರೆ. ಶರಣರಲ್ಲಿ ಹೆಂಡ ಮಾರುವ ಕಾಯಕದವನಾದ ಹೆಂಡದ ಮಾರಯ್ಯನೂ ಇದ್ದನು, ತನ್ನ ಕಾಯಕದ ಪರಿಭಾಷೆಯಲ್ಲಿಯೇ ವಚನ ರಚಿಸಿದನು ಎಂಬಷ್ಟೇ ನಿಜ. ಸಾಮ್ಯವನ್ನು ಹುಡುಕುವುದಾದರೆ ಹತ್ತಿರದ ಕಾಲದಲ್ಲಿಯೇ ಹುಡುಕಬಹುದು. ಚಿತ್ತರಗಿ-ಇಳಕಲ್ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು (1930–2018) 1970ರ ದಶಕದಿಂದ ಊರೂರು, ಓಣಿ ಓಣಿ ತಿರುಗಿ, ಕಾಳುಕಡಿಯ ಬದಲು ಜನರ ದುಶ್ಚಟಗಳನ್ನೇ ಜೋಳಿಗೆಗೆ ಹಾಕಿಸಿಕೊಂಡರು. ‘ಮಹಾಂತ ಜೋಳಿಗೆ’ಯ ಹೆಸರನ್ನು ಉತ್ತರ ಕರ್ನಾಟಕದಲ್ಲಿ ಕೇಳದವರಿಲ್ಲ. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ. ಜೋಳಿಗೆಯ ಶಕ್ತಿ ದೊಡ್ಡದು: ಗುರುವಿನ ಎದುರು, ಊರವರ ಎದುರು ಚಟವನ್ನು ಒಪ್ಪಿಸಿದವನಿಗೆ ಮಾತಿನ ಭಾರವಿರುತ್ತದೆ. ಆದರೆ ಸ್ವಾಮಿಗಳು ಮುಂದಿನ ಊರಿಗೆ ದಯಮಾಡಿಸಿದ ಮೇಲೆ, ಸಂತೆಯ ದಿನ ಸಂಜೆ, ಆ ಮನುಷ್ಯನ ಪಕ್ಕದಲ್ಲಿ ಕೂರುವವರು ಯಾರು? ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಇದನ್ನು ಮನಗಂಡಂತಿದೆ. ಅವರ ಎಂಟು ದಿನಗಳ ಮದ್ಯವರ್ಜನ ಶಿಬಿರಗಳು ಮುಗಿದ ಮೇಲೆ ಶಿಬಿರಾರ್ಥಿಗಳು ‘ನವಜೀವನ ಸಮಿತಿ’ಗಳಾಗಿ ತಮ್ಮ ತಮ್ಮ ಊರಿನಲ್ಲಿ ಮತ್ತೆ ಮತ್ತೆ ಸೇರುತ್ತಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ವ್ಯಸನ ನಿಲ್ಲಲಿಲ್ಲವಾದುದರಿಂದ ಇಂಥ ಸಮಿತಿಗಳ ಅಗತ್ಯವೂ ಉಳಿದಿದೆ. ನಮ್ಮ ಮಠಗಳಲ್ಲಿ ಪ್ರವಚನಕ್ಕೆ ಮಂಟಪವಿದೆ, ದಾಸೋಹಕ್ಕೆ ಪಡಸಾಲೆಯಿದೆ. ವಾರಕ್ಕೊಂದು ಸಂಜೆ ಒಂದು ಕೋಣೆಯನ್ನು ಇಂಥವರಿಗೆ ಬಿಟ್ಟುಕೊಟ್ಟು, ಸ್ವತಃ ಉಪದೇಶಿಸದೆ ಸುಮ್ಮನಿರುವುದು ಕಷ್ಟದ ಸೇವೆಯೇನೂ ಅಲ್ಲ; ಸುಮ್ಮನಿರುವ ಭಾಗ ಮಾತ್ರ ತುಸು ಕಷ್ಟವಾದೀತು.

ಇದೆಲ್ಲ ಭಾವುಕರ ಹೇಳಿಕೆಯಲ್ಲವೇ ಎಂದು ವೈದ್ಯಲೋಕವು ಬಹುಕಾಲ ಶಂಕಿಸಿತು. 2020ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯು 27 ಅಧ್ಯಯನಗಳನ್ನೂ ಅವುಗಳಲ್ಲಿ ಪಾಲ್ಗೊಂಡ 10,565 ಮಂದಿಯನ್ನೂ ಪರಿಶೀಲಿಸಿ, ವ್ಯಸನಿಗಳನ್ನು ಈ ಕೂಟಗಳಿಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆಯು ಕುಡಿತದಿಂದ ಪೂರ್ಣವಾಗಿ ದೂರವಿರಿಸುವುದರಲ್ಲಿ ಇತರ ಮನಶ್ಚಿಕಿತ್ಸೆಗಳಿಗಿಂತ ಮೇಲೆಂದು ಕಂಡುಕೊಂಡಿತು. ಎಲ್ಲರಿಗೂ ಇದೊಂದೇ ದಾರಿಯೆಂದು ಇದರ ಅರ್ಥವಲ್ಲ. ಅತಿಯಾಗಿ ಬಹುಕಾಲ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ನಡುಕ, ಸೆಳವು, ಚಿತ್ತಭ್ರಮೆಗಳುಂಟಾಗಿ ಪ್ರಾಣಕ್ಕೇ ಅಪಾಯ ಬರಬಹುದು. ಅಂಥವನನ್ನು ಮೊದಲು ಆಸ್ಪತ್ರೆಗೆ ಕರೆದೊಯ್ಯಬೇಕು, ಅನಂತರ ಸಭೆಗೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಯ ಪ್ರತ್ಯೇಕ ಕೇಂದ್ರವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446.

ಮನೆಯವರ ಮಾತೊಂದು ಉಳಿಯಿತು. ಗಂಡಂದಿರ ಸಭೆಯು ಒಳಗೆ ನಡೆಯುತ್ತಿದ್ದಾಗ, ಅವರನ್ನು ಕರೆತಂದ ಹೆಂಡಿರು ಬೇರೊಂದು ಕೋಣೆಯಲ್ಲಿ ಕುಳಿತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಿದ್ದರು. ವರ್ಷಗಟ್ಟಲೆಯ ಅವಮಾನ, ಸುಳ್ಳು, ಸಾಲಗಳು ಅವರನ್ನೂ ರೋಗಿಗಳನ್ನಾಗಿ ಮಾಡಿದ್ದವು. ಆ ಮಾತುಕತೆಯೇ 1951ರಲ್ಲಿ ಲೋಯಿಸಳ ಮುಂದಾಳುತನದಲ್ಲಿ ‘ಅಲ್-ಅನಾನ್’ ಎಂಬ ಕುಟುಂಬಗಳ ಕೂಟವಾಯಿತು. ಗಂಡನಾಗಲಿ ಮಗನಾಗಲಿ ಕುಡಿತವನ್ನು ಬಿಟ್ಟಿರಲಿ, ಬಿಡದಿರಲಿ, ಮನೆಯವರು ಅಲ್ಲಿಗೆ ಹೋಗಬಹುದು. ಬೆಂಗಳೂರಿನಲ್ಲಿಯೂ ಅದರ ಸಭೆಗಳು ನಡೆಯುತ್ತವೆ.